ಪರೇಲಿನ ಆ ರಸ್ತೆ

ಪರೇಲಿಗೆ ಹೋಗಿ ಬಂದವರು ನಮ್ಮ ಹುಬ್ಬಳ್ಳಿಯ ಕಡೆ ಬಹಳ ಮಂದಿ ಇದ್ದಾರೆ. ಆದರೆ ಯಾರೂ ಅದನ್ನು ಊರು ನೋಡಿ ಬಂದವರ ಹಾಗೆ ಹೇಳುವುದಿಲ್ಲ. “ಬೊಂಬಾಯಿಗೆ ಹೋಗಿದ್ದೆವು” ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಕೇಳಿದವರು ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಟಾಟಾ ಆಸ್ಪತ್ರೆ ಎಂಬ ಹೆಸರನ್ನು ಮನೆಯೊಳಗೆ ಉಚ್ಚರಿಸಲು ಹೆಂಗಸರು ಈಗಲೂ ಹೆದರುತ್ತಾರೆ.

2024ರ ಡಿಸೆಂಬರ್‌ನಲ್ಲಿ ನನಗೂ ಆ ದಾರಿ ಬಂತು. ನನ್ನ ತಂಗಿಯ ಮಗನನ್ನು ಮನೆಯಲ್ಲಿ ಎಲ್ಲರೂ ಮುನ್ನಾ ಎಂದೇ ಕರೆಯುವುದು. 2016ರಲ್ಲಿ, ಅವನಿಗೆ ನಾಲ್ಕು ವರ್ಷವಾಗಿದ್ದಾಗ, ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸುವ ಬಗೆ ಅದು. ಭಾವನ ಅಣ್ಣ ಕುರ್ಲಾದಲ್ಲಿ ಇದ್ದುದರಿಂದ ಮುಂಬೈಗೇ ಕರೆದುಕೊಂಡು ಹೋದರು. ಎರಡೂವರೆ ವರ್ಷ ಔಷಧಿ ನಡೆಯಿತು. 2019ರಲ್ಲಿ ಮುಗಿಯಿತು. ಅಲ್‌ಹಮ್ದುಲಿಲ್ಲಾಹ್, ಆ ರೋಗ ಮತ್ತೆ ತಿರುಗಿ ನೋಡಿಲ್ಲ. ಈಗ ವರ್ಷಕ್ಕೊಮ್ಮೆ ತಪಾಸಣೆಗೆ ಹೋಗಬೇಕು. ಪ್ರತಿವರ್ಷ ಭಾವ ಹೋಗುತ್ತಿದ್ದರು. ಈ ಸಲ ಅವರಿಗೆ ಜಿದ್ದಾದಿಂದ ರಜೆ ಸಿಗಲಿಲ್ಲ. “ಆಪಾ, ನೀವು ಬನ್ನಿ. ಡಾಕ್ಟರು ಶಾಲೆಯ ವಿಷಯ ಕೇಳುತ್ತಾರೆ. ನನಗೆ ಹೇಳಲು ಬರುವುದಿಲ್ಲ” ಎಂದಳು ತಂಗಿ.

ಶಾಲೆಯ ವಿಷಯ ಎಂದರೆ ನನಗೆ ಸ್ವಲ್ಪ ಮುಜುಗರವೇ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ನಾನು ಓದಿದ್ದು ಮದ್ರಸದಲ್ಲಿ. ಆಮೇಲೆ ಮನೆಯಲ್ಲಿದ್ದುಕೊಂಡೇ ಬಿ.ಎ. ಮುಗಿಸಿದೆ. ಹಗಲು ಶಾಲೆಯಲ್ಲಿ ಪಾಠ, ಅಸರ್ ನಮಾಝ್ ಆದ ಮೇಲೆ ಮನೆಯಲ್ಲಿ ಕೇರಿಯ ಮಕ್ಕಳಿಗೆ ಕುರ್‌ಆನ್ ಕಲಿಸುವುದು. ಇಪ್ಪತ್ತು ವರ್ಷಗಳಿಂದ ಇದೇ ನಡೆದಿದೆ. ಮುನ್ನಾ ಕೂಡ ಆ ಮಕ್ಕಳ ಜೊತೆ ಕುಳಿತುಕೊಳ್ಳುತ್ತಾನೆ. ಅವನ ವಯಸ್ಸಿನವರು ಎರಡು ಮೂರು ವಾರಗಳಲ್ಲಿ ಬಾಯಿಪಾಠ ಮಾಡುವ ಸೂರಾ ಮುಲ್ಕ್ ಅವನಿಗೆ ಎಂಟು ತಿಂಗಳಾದರೂ ಪೂರ್ತಿ ಬರಲಿಲ್ಲ. ನಿನ್ನೆ ಸರಿಯಾಗಿ ಓದಿದ್ದು ಇಂದು ಇಲ್ಲ. ಮೂರನೆಯ ಆಯತ್ ಹೇಳುವಾಗ ಎರಡನೆಯದು ಜಾರಿ ಹೋಗಿರುತ್ತದೆ. ಶಾಲೆಯಲ್ಲೂ ಅದೇ ದೂರು. ಬೋರ್ಡಿನ ಮೇಲೆ ಬರೆದದ್ದನ್ನು ಅವನು ಅರ್ಧ ಇಳಿಸಿಕೊಳ್ಳುವಷ್ಟರಲ್ಲಿ ಅಳಿಸಿರುತ್ತಾರೆ. ಲೆಕ್ಕದಲ್ಲಿ ದಶಕ ಕೂಡಿಸಲು ಮರೆಯುತ್ತಾನೆ. ಅಂಕಪಟ್ಟಿಯಲ್ಲಿ ‘ನಿರ್ಲಕ್ಷ್ಯ’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು.

ಒಂದು ಸಂಜೆ ನನ್ನ ತಾಳ್ಮೆ ಕೆಟ್ಟಿತು. ಎಲ್ಲ ಮಕ್ಕಳ ಎದುರು ಅವನನ್ನು ಪಡಸಾಲೆಯ ಬಾಗಿಲಲ್ಲಿ ನಿಲ್ಲಿಸಿದೆ. “ನಿನ್ನ ಮನಸ್ಸೆಲ್ಲ ಆಟದ ಮೇಲೆ” ಎಂದೆ. ಅವನು ಮೆಲ್ಲಗೆ ಹೇಳಿದ: “ಖಾಲಾ, ನನಗೆ ಬರುತ್ತದೆ. ಆದರೆ ತಡವಾಗಿ ಬರುತ್ತದೆ.” ಎದುರು ಮಾತನಾಡುತ್ತಾನೆ ಎಂದುಕೊಂಡು ಮಗ್ರಿಬ್ ಬಾಂಗ್ ಆಗುವವರೆಗೆ ನಿಲ್ಲಿಸಿಯೇ ಇಟ್ಟೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ‘ಅಷ್ಟು ದಿನ ಮುದ್ದು ಮಾಡಿದಿರಿ, ಅದಕ್ಕೇ ಸೋಮಾರಿಯಾಗಿದ್ದಾನೆ’ ಎನ್ನುವುದು ಅತ್ತೆಯ ಮಾತು. ‘ನಜರ್ ಆಗಿದೆ’ ಎನ್ನುವುದು ನೆರೆಮನೆಯವರದು. ಒಬ್ಬರು ತಾಯಿತವನ್ನೂ ತಂದುಕೊಟ್ಟರು. ಔಷಧಿಗೂ ಇದಕ್ಕೂ ಏನಾದರೂ ಸಂಬಂಧ ಇದ್ದೀತೇ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಕೂದಲು ಮತ್ತೆ ಬಂತು, ಕೆನ್ನೆ ತುಂಬಿತು, ಓಡಾಡುತ್ತಾನೆ. ಇನ್ನೇನು ಬೇಕು ಎಂದುಕೊಂಡಿದ್ದೆವು.

ಹುಬ್ಬಳ್ಳಿಯಿಂದ ಮಧ್ಯಾಹ್ನ ಹೊರಟ ಗಾಡಿ ಬೆಳಗಾವಿ, ಮೀರಜ್ ದಾಟಿ, ರಾತ್ರಿಯೆಲ್ಲ ಓಡಿ, ಬೆಳಿಗ್ಗೆ ದಾದರ್ ಸೇರಿತು. ನಮ್ಮ ತಮ್ಮನೂ ಜೊತೆಗಿದ್ದ. ನಮ್ಮ ಡಬ್ಬಿಯಲ್ಲೇ ಇನ್ನೂ ಇಬ್ಬರು ಟಾಟಾಕ್ಕೆ ಹೊರಟವರಿದ್ದರು. ಎದೆಗವಚಿಕೊಂಡ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಎಕ್ಸ್‌ರೇ ಫಿಲ್ಮುಗಳು ಇದ್ದುದರಿಂದ ಗುರುತಾಯಿತು. ಆ ದಿನ ಕುರ್ಲಾದಲ್ಲಿ ಉಳಿದು, ಮರುದಿನ ಲೋಕಲ್ ಹಿಡಿದೆವು. ಸಯನ್, ಮಾಟುಂಗಾ, ದಾದರ್, ಆಮೇಲೆ ಪರೇಲ್. ಹೆಂಗಸರ ಡಬ್ಬಿಯಲ್ಲಿ ನಿಂತುಕೊಂಡೇ ತಂಗಿ ಹೇಳಿದಳು, “ಆಪಾ, ಈ ನಾಲ್ಕು ಸ್ಟೇಷನ್ನುಗಳ ಹೆಸರು ಕೇಳಿದರೆ ಈಗಲೂ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.”

ಪರೇಲ್ ಒಂದು ಕಾಲಕ್ಕೆ ಗಿರಣಿಗಳ ಊರು. ಬಟ್ಟೆ ಗಿರಣಿಗಳ ಈ ಭಾಗವನ್ನೆಲ್ಲ ಸೇರಿಸಿ ಮರಾಠಿಯಲ್ಲಿ ಗಿರಣಗಾಂವ್ ಎನ್ನುತ್ತಾರೆ. 1982ರಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅವುಗಳ ಜಾಗದಲ್ಲಿ ಈಗ ತಲೆ ಎತ್ತಿ ನೋಡಿದರೆ ಕತ್ತು ನೋಯುವಷ್ಟು ಎತ್ತರದ ಕಟ್ಟಡಗಳಿವೆ. ಆದರೆ ಸ್ಟೇಷನ್ನಿನಿಂದ ಪೂರ್ವಕ್ಕೆ ನಡೆದರೆ ಸಿಗುವ ಆಸ್ಪತ್ರೆಗಳ ಕೇರಿ ಮಾತ್ರ ಹಾಗೇ ಇದೆ. 1926ರಲ್ಲಿ ಆರಂಭವಾದ ಕೆ.ಇ.ಎಂ., ಮಕ್ಕಳಿಗಾಗಿ 1929ರಲ್ಲಿ ಕಟ್ಟಿದ ವಾಡಿಯಾ, ಎದುರಿಗೇ ಟಾಟಾ ಸ್ಮಾರಕ ಆಸ್ಪತ್ರೆ. ಎಲ್ಲವೂ ಕೂಗಳತೆಯಲ್ಲಿ.

ಈ ಕೇರಿಯ ನಿಜವಾದ ಊರು ಎಂದರೆ ಫುಟ್‌ಪಾತ್. ಬಿಹಾರದಿಂದ, ಬಂಗಾಳದಿಂದ, ಅಸ್ಸಾಮಿನಿಂದ ಬಂದ ಸಂಸಾರಗಳು ಗೋಡೆಗೆ ಒರಗಿ ಹಾಸಿಗೆ ಸುತ್ತಿಟ್ಟುಕೊಂಡು ಕುಳಿತಿರುತ್ತವೆ. ಮುಖಕ್ಕೆ ಮಾಸ್ಕ್ ಕಟ್ಟಿದ ಬೋಳು ತಲೆಯ ಪುಟ್ಟ ಮಕ್ಕಳು ಅಲ್ಲಿಯೇ ಆಡಿಕೊಂಡಿರುತ್ತಾರೆ. ಯಾರೋ ದೊಡ್ಡ ಪಾತ್ರೆಯಲ್ಲಿ ಖಿಚಡಿ ತಂದು ಹಂಚುತ್ತಿದ್ದರು. ಸಾಲಿನಲ್ಲಿ ಬುರ್ಖಾ ತೊಟ್ಟವರೂ ಕುಂಕುಮ ಇಟ್ಟವರೂ ತಟ್ಟೆ ಹಿಡಿದು ನಿಂತಿದ್ದರು. ತಂಗಿ ಒಂದು ಕಂಬ ತೋರಿಸಿ, “ಇದರ ಬುಡದಲ್ಲಿ ಒಬ್ಬಳು ಬಿಹಾರದ ಹೆಂಗಸು ನನಗೆ ನಿಂಬೆಹಣ್ಣು ಮೂಸಿಸಿದಳು. ಆವತ್ತು ಮುನ್ನಾನ ಮೊದಲ ಬೆನ್ನಿನ ಸೂಜಿ” ಎಂದಳು.

ಈ ಆಸ್ಪತ್ರೆಯ ಹಿಂದೆ ನಮ್ಮ ಮೈಸೂರಿನ ನೆನಪೂ ಇದೆ ಎಂದು ನನಗೆ ಗೊತ್ತಾದದ್ದು ಊರಿಗೆ ಬಂದು ಓದಿದ ಮೇಲೆ. ಎಚ್.ಜೆ. ಭಾಭಾ ಎಂಬವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಹಿರಿಯ ಅಧಿಕಾರಿಯಾಗಿದ್ದರು. ಅವರ ಮಗಳು ಮೆಹರ್‌ಬಾಯಿ ಬೆಳೆದದ್ದು ಬೆಂಗಳೂರು, ಮೈಸೂರುಗಳಲ್ಲಿ. 1898ರಲ್ಲಿ ಅವರು ದೊರಾಬ್ಜಿ ಟಾಟಾ ಅವರನ್ನು ಮದುವೆಯಾದರು. 1931ರಲ್ಲಿ ತೀರಿಕೊಂಡರು, ರಕ್ತದ ಕ್ಯಾನ್ಸರ್‌ನಿಂದಲೇ. ಎಷ್ಟು ಶ್ರೀಮಂತರಾದರೂ ಆಗ ಕೊಡಲು ಔಷಧಿಯೇ ಇರಲಿಲ್ಲ. ಮರುವರ್ಷ ದೊರಾಬ್ಜಿಯವರೂ ಹೋದರು. ಅವರ ಟ್ರಸ್ಟಿನ ಹಣದಿಂದ ಕಟ್ಟಿದ ಈ ಆಸ್ಪತ್ರೆ 1941ರ ಫೆಬ್ರವರಿ 28ರಂದು ತೆರೆಯಿತು.

ಟಾಟಾ ಆಸ್ಪತ್ರೆಯಿಂದ ಸ್ವಲ್ಪ ದೂರದಲ್ಲಿ ಹಾಫ್‌ಕಿನ್ ಸಂಸ್ಥೆ ಇದೆ. ಹಳೆಯ ಗವರ್ನರ್ ಬಂಗಲೆ ಅದು. ಪ್ಲೇಗಿನ ಲಸಿಕೆಗೆ ಹೆಸರಾದ ಜಾಗ. ನಾವು ಅದರ ಮುಂದೆ ಹಾದುಹೋದಾಗ ನಾನು ಗೇಟನ್ನೂ ಸರಿಯಾಗಿ ನೋಡಲಿಲ್ಲ. ಈಗ ನೋಡಬೇಕಿತ್ತು ಎನಿಸುತ್ತದೆ. ಏಕೆಂದರೆ ಮುನ್ನಾನ ಜೀವ ಉಳಿಸಿದ ಔಷಧಿಯ ಕಥೆ ಒಂದು ರೀತಿಯಲ್ಲಿ ಆರಂಭವಾದದ್ದು ಅಲ್ಲೇ. ಅದೂ ಬೊಂಬಾಯಿಯ ಬಡ ಹೆಂಗಸರಿಂದ.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಇಲ್ಲಿಗೆ ಬಂದರು. ಗಿರಣಿಗಳಲ್ಲಿ ದುಡಿಯುವ ಬಸುರಿ ಹೆಂಗಸರು ವಿಚಿತ್ರವಾದ ರಕ್ತಹೀನತೆಯಿಂದ ಸಾಯುತ್ತಿದ್ದರು. ಹಾಫ್‌ಕಿನ್ ಸಂಸ್ಥೆಯಲ್ಲಿ ಕುಳಿತು ಆಕೆ ಇದರ ಕಾರಣ ಹುಡುಕಿದರು. ಯಾವ ಮನೆಯಲ್ಲಿ ಏನು ಅಡುಗೆ ಮಾಡುತ್ತಾರೆ ಎಂಬುದರವರೆಗೆ ವಿಚಾರಿಸಿದರು. ಬಡ ಮುಸ್ಲಿಮ್ ಹೆಂಗಸರ ಊಟವೇ ಎಲ್ಲಕ್ಕಿಂತ ಕೊರತೆಯದು, ಈ ರೋಗವೂ ಅವರಲ್ಲೇ ಹೆಚ್ಚು ಎಂದು ಕಂಡಿತು. ಕೊನೆಗೆ ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ಪದಾರ್ಥ ತಿನ್ನಿಸಿದಾಗ ಆ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಆಕೆ ಇದನ್ನು ಪ್ರಕಟಿಸಿದರು. ಮಾರ್ಮೈಟಿನಲ್ಲಿ ಇದ್ದ ಆ ಅಂಶವೇ ಇಂದು ಪ್ರತಿ ಬಸುರಿ ಹೆಂಗಸಿಗೂ ಕೊಡುವ ಫೋಲಿಕ್ ಆಸಿಡ್. ಸೊಪ್ಪು, ಬೇಳೆಗಳಲ್ಲಿ ಇರುವುದು. ಆ ಬಡ ಹೆಂಗಸರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಾವು ಒಂದೊಂದು ಗುಳಿಗೆ ನುಂಗುವಾಗಲೂ ಅವರಿಗೆ ಒಂದು ದುಆ ಸಲ್ಲಬೇಕು ಎಂದು ನನಗೆ ಅನಿಸುತ್ತದೆ.

ಮುಂದಿನ ಕೆಲಸ ಮಾಡಿದವರಲ್ಲಿ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು. ಅಮೆರಿಕದ ಪ್ರಯೋಗಾಲಯದಲ್ಲಿ ಅವರ ತಂಡ ಫೋಲಿಕ್ ಆಸಿಡನ್ನು ತಯಾರಿಸಿತು. ಅದರ ರೂಪವನ್ನೇ ಹೋಲುವ, ಆದರೆ ಅದರ ಕೆಲಸಕ್ಕೆ ಅಡ್ಡ ಬರುವ ವಸ್ತುಗಳನ್ನೂ ತಯಾರಿಸಿತು. ಜೀವಕೋಶ ಎರಡಾಗಿ ಬೆಳೆಯಬೇಕಾದರೆ ಫೋಲೇಟ್ ಬೇಕು. ಕ್ಯಾನ್ಸರ್ ಕೋಶಕ್ಕೆ ಅದು ಬಹಳವೇ ಬೇಕು. ಬೀಗದೊಳಗೆ ತಪ್ಪು ಕೀಲಿಕೈ ಸಿಕ್ಕಿಕೊಂಡಂತೆ ಈ ನಕಲಿ ವಸ್ತು ಅಡ್ಡ ನಿಂತರೆ ಅದರ ಬೆಳವಣಿಗೆ ನಿಲ್ಲುತ್ತದೆ. ಬೋಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ಇಂಥ ಒಂದು ಔಷಧಿಯನ್ನು ಕೊಟ್ಟ 16 ಮಕ್ಕಳಲ್ಲಿ 10 ಮಕ್ಕಳು ಸ್ವಲ್ಪ ಕಾಲ ಚೇತರಿಸಿಕೊಂಡರು ಎಂದು 1948ರಲ್ಲಿ ಬರೆದರು. ಅದೇ ಜಾತಿಯ ಮೆಥೊಟ್ರೆಕ್ಸೇಟ್ ಎಂಬ ಔಷಧಿ ಇಂದಿಗೂ ರಕ್ತದ ಕ್ಯಾನ್ಸರ್ ಮಕ್ಕಳ ಚಿಕಿತ್ಸೆಯಲ್ಲಿ ಇದೆ. (ಈ ಚಿಕಿತ್ಸೆ ನಡೆಯುತ್ತಿರುವಾಗ ‘ಮಗುವಿಗೆ ಶಕ್ತಿ ಬರಲಿ’ ಎಂದು ಡಾಕ್ಟರನ್ನು ಕೇಳದೆ ಫೋಲಿಕ್ ಆಸಿಡ್ ಗುಳಿಗೆ ಕೊಡಬೇಡಿ. ಔಷಧಿಯ ಕೆಲಸಕ್ಕೇ ಅಡ್ಡಿಯಾದೀತು.)

ಸರಿ, ಈ ಔಷಧಿಗೂ ಸೂರಾ ಬಾಯಿಪಾಠ ಬಾರದಿರುವುದಕ್ಕೂ ಏನು ಸಂಬಂಧ?

ರಕ್ತದಲ್ಲಿ ಹರಿಯುವ ಎಲ್ಲ ಔಷಧಿಯೂ ಮೆದುಳಿಗೆ ಸುಲಭವಾಗಿ ಹೋಗುವುದಿಲ್ಲ. ಅಲ್ಲಾಹನು ಅಲ್ಲಿ ಒಂದು ಕಾವಲು ಇಟ್ಟಿದ್ದಾನೆ. ಕ್ಯಾನ್ಸರ್ ಕೋಶಗಳು ಈ ಕಾವಲಿನ ಹಿಂದೆ ಅಡಗಿ ಕುಳಿತು, ಮಗು ಗುಣವಾಯಿತು ಎನ್ನುವಾಗ ಮತ್ತೆ ಹೊರಬರುತ್ತಿದ್ದವು. 1960ರ ದಶಕದ ಆರಂಭದಲ್ಲಿ ಈ ರೋಗದಿಂದ ಉಳಿಯುತ್ತಿದ್ದ ಮಕ್ಕಳು ನೂರಕ್ಕೆ ಸುಮಾರು ನಾಲ್ಕು ಮಾತ್ರ. 1962ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆ ತೆರೆಯಿತು. ಡೊನಾಲ್ಡ್ ಪಿಂಕೆಲ್ ಅಲ್ಲಿಯ ಮೊದಲ ನಿರ್ದೇಶಕರು. ಆ ದಶಕದ ಕೊನೆಗೆ ಅವರು ಮಗುವಿನ ತಲೆಗೆ 2400 ರ‍್ಯಾಡ್ ವಿಕಿರಣ ಕೊಟ್ಟು, ಬೆನ್ನುಹುರಿಯ ಸುತ್ತಲಿನ ನೀರಿಗೆ ಮೆಥೊಟ್ರೆಕ್ಸೇಟನ್ನು ಸೂಜಿಯಿಂದ ಹಾಕಿದರು. ಸುಮಾರು ಅರ್ಧದಷ್ಟು ಮಕ್ಕಳು ಉಳಿದರು. ಆಗಿನ ತಾಯಂದಿರಿಗೆ ಅದು ಎಂಥ ಸುದ್ದಿಯಾಗಿರಬೇಕು!

ಆ ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಇನ್ನೊಂದು ಸುದ್ದಿ ಬಂತು. ಹಲವರು ಓದಿನಲ್ಲಿ ಹಿಂದೆ ಬೀಳುತ್ತಿದ್ದರು. ತೀರ ಎಳೆಯ ವಯಸ್ಸಿನಲ್ಲಿ ವಿಕಿರಣ ಪಡೆದವರು ಹೆಚ್ಚು ಹಿಂದೆ, ಅವರಲ್ಲೂ ಹೆಣ್ಣುಮಕ್ಕಳು ಇನ್ನೂ ಹೆಚ್ಚು. ವೈದ್ಯರು ವಿಕಿರಣವನ್ನು 1800ಕ್ಕೆ ಇಳಿಸಿದರು, ಆಮೇಲೆ ಹೆಚ್ಚಿನ ಮಕ್ಕಳಿಗೆ ಕೊಡುವುದನ್ನೇ ಬಿಡಲು ದಾರಿ ಹುಡುಕಿದರು. ತಲೆಗೆ ವಿಕಿರಣವೇ ಇಲ್ಲದೆ ಚಿಕಿತ್ಸೆ ಪಡೆದ 498 ಮಕ್ಕಳ ಫಲಿತಾಂಶವನ್ನು ಅದೇ ಮೆಂಫಿಸ್ ಆಸ್ಪತ್ರೆಯವರು 2009ರಲ್ಲಿ ಪ್ರಕಟಿಸಿದರು. ಐದು ವರ್ಷಗಳ ನಂತರ ನೂರಕ್ಕೆ 93ಕ್ಕೂ ಹೆಚ್ಚು ಮಕ್ಕಳು ಬದುಕಿದ್ದರು. ಆದರೆ ಬೆನ್ನಿನ ಸೂಜಿಯ ಔಷಧಿಯನ್ನು ಬಿಡಲಾಗಲಿಲ್ಲ. ವಿಕಿರಣದಷ್ಟು ಅಲ್ಲದಿದ್ದರೂ ಅದೂ ಕೆಲವು ಮಕ್ಕಳಲ್ಲಿ ಗುರುತು ಬಿಡುತ್ತದೆ.

ನಮ್ಮ ಮೆದುಳಿನೊಳಗಿನ ನರದ ಎಳೆಗಳಿಗೆ ಕೊಬ್ಬಿನ ಒಂದು ಹೊದಿಕೆ ಇರುತ್ತದೆ, ಕರೆಂಟಿನ ತಂತಿಗೆ ಮೇಲೆ ಪ್ಲಾಸ್ಟಿಕ್ ಇರುವ ಹಾಗೆ. ಮಗು ಹುಟ್ಟಿದಾಗ ಅದು ಪೂರ್ತಿ ಆಗಿರುವುದಿಲ್ಲ. ಮೊದಲ ಕೆಲವು ವರ್ಷಗಳಲ್ಲಿ ಬಹಳ ಬೇಗ, ಆಮೇಲೆ ಇಪ್ಪತ್ತು ದಾಟುವವರೆಗೂ ನಿಧಾನವಾಗಿ ಬೆಳೆಯುತ್ತಿರುತ್ತದೆ. ಸುದ್ದಿ ಮೆದುಳಿನ ಒಂದು ಮೂಲೆಯಿಂದ ಇನ್ನೊಂದಕ್ಕೆ ಬೇಗ ಓಡುವುದು ಈ ಹೊದಿಕೆಯಿಂದ. ವಿಕಿರಣ ಮತ್ತು ಈ ಔಷಧಿ ಪೆಟ್ಟು ಕೊಡುವುದು ಹೆಚ್ಚಾಗಿ ಇಲ್ಲಿಗೇ. ಹಾಗಾಗಿ ಮಗುವಿನ ತಿಳಿವಳಿಕೆ ಕೆಡುವುದು ಕಡಿಮೆ. ಕೆಡುವುದು ವೇಗ, ಗಮನ, ಕೇಳಿದ್ದನ್ನು ಸ್ವಲ್ಪ ಹೊತ್ತು ತಲೆಯಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡುವ ಶಕ್ತಿ. ಲೆಕ್ಕಕ್ಕೆ ಬೇಕಾದದ್ದು ಇವೇ, ಬಾಯಿಪಾಠಕ್ಕೂ ಇವೇ. ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ, ಏನೂ ಆಗದವರು ಬಹಳ ಮಂದಿ ಇದ್ದಾರೆ. ಆದರೆ ಆಗುವವರಲ್ಲಿ ಚಿಕಿತ್ಸೆ ಮುಗಿದ ದಿನ ಏನೂ ಕಾಣಿಸುವುದಿಲ್ಲ. ಎರಡು ಮೂರು ವರ್ಷಗಳ ನಂತರ, ಪಾಠ ಕಠಿಣವಾದಾಗ ಕಾಣಿಸುತ್ತದೆ. ಮಗು ಕಲಿತದ್ದನ್ನು ಕಳೆದುಕೊಂಡಿತು ಎಂದಲ್ಲ. ಜೊತೆಯವರು ಓಡುತ್ತಾರೆ, ಇದು ನಡೆಯುತ್ತದೆ.

ಟಾಟಾ ಆಸ್ಪತ್ರೆಯಲ್ಲಿ ಇಂಥ ಮಕ್ಕಳಿಗಾಗಿಯೇ 1991ರಿಂದ ‘ಆ್ಯಕ್ಟ್’ ಎಂಬ ಕ್ಲಿನಿಕ್ ಇದೆ. ಚಿಕಿತ್ಸೆ ಮುಗಿದ ನಂತರದ ಕ್ಲಿನಿಕ್ ಎಂದು ಅದರ ಅರ್ಥ. ಔಷಧಿ ನಿಲ್ಲಿಸಿ ಎರಡು ವರ್ಷ ರೋಗವಿಲ್ಲದೆ ಕಳೆದವರು ಇಲ್ಲಿಗೆ ಬರುತ್ತಾರೆ. ಹೃದಯ, ಎತ್ತರ, ತೂಕ, ಹಾರ್ಮೋನು ಎಲ್ಲವನ್ನೂ ನೋಡುತ್ತಾರೆ. ಓದಿನ ಬಗ್ಗೆಯೂ ಕೇಳುತ್ತಾರೆ. ಅಲ್ಲಿನ ಕಾಯುವ ಜಾಗ ಆಸ್ಪತ್ರೆಯ ಬೇರೆ ಜಾಗದಂತಿರಲಿಲ್ಲ. ಮೀಸೆ ಬಂದ ಹುಡುಗರು, ಕಾಲೇಜಿಗೆ ಹೋಗುವ ಹುಡುಗಿಯರು ಮೊಬೈಲ್ ನೋಡುತ್ತಾ ಕುಳಿತಿದ್ದರು. ತಂಗಿ ಅವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಲೇ ಇದ್ದಳು. ಎಂಟು ವರ್ಷಗಳ ಹಿಂದೆ ಇಂಥವರು ಇದ್ದಾರೆ ಎಂದು ಯಾರಾದರೂ ತೋರಿಸಿದ್ದರೆ ಅಷ್ಟು ಅಳುತ್ತಿರಲಿಲ್ಲ ಎಂದಳು.

ನನ್ನ ಪಕ್ಕದಲ್ಲಿ ಸೊಲ್ಲಾಪುರದ ಕಡೆಯ ಒಬ್ಬ ಹೆಂಗಸು ಕುಳಿತಿದ್ದರು. ಮೂವತ್ತು ದಾಟಿದ ವಯಸ್ಸು. ಯಾರ ಜೊತೆ ಬಂದಿದ್ದೀರಿ ಎಂದು ಕೇಳಿದೆ. ನಕ್ಕು, “ನಾನೇ ಪೇಷಂಟು” ಎಂದರು. ಐದನೆಯ ವಯಸ್ಸಿನಲ್ಲಿ ಇಲ್ಲಿಯೇ ಚಿಕಿತ್ಸೆ ಆಗಿತ್ತಂತೆ, ತಲೆಗೆ ಕರೆಂಟೂ ಕೊಟ್ಟಿದ್ದರಂತೆ. ವಿಕಿರಣಕ್ಕೆ ನಮ್ಮ ಕಡೆ ಹಾಗೇ ಅನ್ನುತ್ತಾರೆ. ಏಳನೆಯ ತರಗತಿಯಲ್ಲಿ ಎರಡು ಸಲ ನಪಾಸಾದರು. ಮನೆಯವರು, “ಜೀವ ಉಳಿಯಿತಲ್ಲ, ಓದು ಯಾಕೆ” ಎಂದು ಬಿಡಿಸಿದರು. ‘ಖುಳ್ಳಿ’ ಎಂದು ಕರೆದರು. ಹಾಗೆಂದರೆ ಮರಾಠಿಯಲ್ಲಿ ಪೆದ್ದಿ. ಈಗ ರವಿಕೆ ಹೊಲಿಯುತ್ತಾರೆ. ಪರ್ಸಿನಿಂದ ಒಂದು ಸಣ್ಣ ನೋಟುಪುಸ್ತಕ ತೆಗೆದು ತೋರಿಸಿದರು. ಯಾರ ಅಳತೆ, ಯಾರು ಎಷ್ಟು ಕೊಟ್ಟರು, ಒಲೆಯ ಮೇಲೆ ಹಾಲು ಇಟ್ಟ ಹೊತ್ತು, ಎಲ್ಲ ಅದರಲ್ಲಿ. “ನನ್ನ ತಲೆ ಇದು” ಎಂದರು. ಎರಡು ಮಕ್ಕಳಿದ್ದಾರೆ, ದೊಡ್ಡವಳು ಎಂಟನೆಯ ತರಗತಿ. “ನಾನು ಪೆದ್ದಿಯಲ್ಲ ಎಂದು ಗೊತ್ತಾಗಿದ್ದು ಇಪ್ಪತ್ತಾರನೆಯ ವಯಸ್ಸಿಗೆ, ಇಲ್ಲಿ ಡಾಕ್ಟರು ಹೇಳಿದಾಗ. ಮನೆಗೆ ಹೋಗಿ ನಮ್ಮ ಆಯಿಗೆ ಹೇಳಿದೆ. ಆಕೆ ಎರಡು ದಿನ ಊಟ ಮಾಡಲಿಲ್ಲ.”

ನಾನು ಏನೂ ಹೇಳದೆ ಕುಳಿತೆ. ಮುನ್ನಾ ಎದುರಿನ ಬೆಂಚಿನಲ್ಲಿ ಬಿಸ್ಕತ್ತು ತಿನ್ನುತ್ತಿದ್ದ.

ಅವನ ಪರೀಕ್ಷೆ ಒಂದೂವರೆ ಗಂಟೆ ನಡೆಯಿತು. ಮನಶ್ಶಾಸ್ತ್ರ ಓದಿದ ಹೆಣ್ಣುಮಗಳೊಬ್ಬಳು ಹಿಂದಿಯಲ್ಲಿ ಮಾತನಾಡಿಸುತ್ತಾ ಮಾಡಿದಳು. ನಮ್ಮನ್ನು ದೂರ ಕೂರಿಸಿದ್ದರೂ ಗಾಜಿನಿಂದ ಕಾಣುತ್ತಿತ್ತು. ಬಣ್ಣದ ಕಟ್ಟಿಗೆಯ ತುಂಡುಗಳನ್ನು ಜೋಡಿಸಿದ. ಅವಳು ಹೇಳಿದ ಅಂಕಿಗಳನ್ನು ಹಾಗೇ ಹೇಳಿದ, ಆಮೇಲೆ ಹಿಂದುಮುಂದಾಗಿ ಹೇಳಬೇಕಾದಾಗ ಮೂರಕ್ಕೇ ತಡವರಿಸಿದ. ಗಡಿಯಾರ ಹಿಡಿದು ಒಂದೊಂದು ಅಂಕಿಯ ಕೆಳಗೆ ಒಂದೊಂದು ಚಿಹ್ನೆ ಬರೆಯಿಸಿದರು. ಅವನು ಒಂದನ್ನೂ ತಪ್ಪು ಬರೆಯಲಿಲ್ಲ. ಆದರೆ ಹೊತ್ತು ಮುಗಿದಾಗ ಹಾಳೆಯ ಬಹುಪಾಲು ಖಾಲಿ ಉಳಿದಿತ್ತು. ಪದಗಳ ಅರ್ಥ ಹೇಳುವುದರಲ್ಲಿ, ಎರಡು ವಸ್ತುಗಳ ಹೋಲಿಕೆ ಹೇಳುವುದರಲ್ಲಿ ಅವನು ತನ್ನ ವಯಸ್ಸಿನವರಿಗೆ ಸಮನಾಗಿದ್ದ. ಒಂದೆರಡರಲ್ಲಿ ಮುಂದೆಯೂ ಇದ್ದ.

ಆ ಹೆಣ್ಣುಮಗಳು ನಮ್ಮನ್ನು ಕರೆದು ಕೂರಿಸಿ, ಅವನಿಗೆ ಬರುವುದಿಲ್ಲ ಎಂದಲ್ಲ, ಬರಲು ಹೊತ್ತು ಬೇಕು ಎಂದಳು. ಬಾಗಿಲಲ್ಲಿ ನಿಂತು ಅವನು ನನಗೆ ಹೇಳಿದ್ದೂ ಅದೇ ಮಾತು. ನಾನು ತಂಗಿಯ ಮುಖ ನೋಡಲಿಲ್ಲ.

ಏನು ಮಾಡಬೇಕು ಎಂದು ಕೇಳಿದೆವು. ಹೇಳಿದ್ದೆಲ್ಲ ಸಣ್ಣ ಸಣ್ಣ ವಿಷಯಗಳೇ. ಮುಂದಿನ ಬೆಂಚಿನಲ್ಲಿ ಕೂರಿಸಿ. ‘ಪುಸ್ತಕ ತೆಗೆ, 32ನೆಯ ಪುಟ ನೋಡು, ಎರಡನೆಯ ಲೆಕ್ಕ ಮಾಡು’ ಎಂದು ಒಂದೇ ಉಸಿರಿಗೆ ಹೇಳಬೇಡಿ. ಒಂದು ಮುಗಿದ ಮೇಲೆ ಇನ್ನೊಂದು ಹೇಳಿ. ಬೋರ್ಡಿನಿಂದ ಬರೆಯಿಸುವ ಬದಲು ಬರೆದದ್ದನ್ನೇ ಕೊಡಿ, ಏಕೆಂದರೆ ವಿನ್‌ಕ್ರಿಸ್ಟಿನ್ ಎಂಬ ಇನ್ನೊಂದು ಔಷಧಿ ಬೆರಳಿನ ನರಗಳನ್ನೂ ಸ್ವಲ್ಪ ದುರ್ಬಲ ಮಾಡಿರಬಹುದು. (ಅವನ ಅಕ್ಷರಕ್ಕಾಗಿ ನಾನು ಎಷ್ಟು ಸಲ ಕಾಪಿ ಬರೆಸಿದ್ದೇನೆ!) ಮಗ್ಗಿಯ ಹಾಳೆ ಎದುರಿಗೆ ಇಟ್ಟುಕೊಳ್ಳಲಿ. ಪ್ರಶ್ನೆ ಕಡಿಮೆ ಕೊಡಿ ಅಥವಾ ಹೊತ್ತು ಹೆಚ್ಚು ಕೊಡಿ. ಚೆನ್ನಾಗಿ ಆಡಲಿ, ಚೆನ್ನಾಗಿ ನಿದ್ದೆ ಮಾಡಲಿ. ಗಮನ ತೀರ ಕಡಿಮೆಯಾದರೆ ಅದಕ್ಕೂ ಔಷಧಿ ಇದೆ, ಈಗ ಬೇಡ. ಹತ್ತನೆಯ ತರಗತಿಗೆ ಮುಂಚೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಕಲಿಕೆಯ ತೊಂದರೆ ಎಂದು ಪ್ರಮಾಣಪತ್ರ ಸಿಕ್ಕ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ ಕೊಡುತ್ತಾರೆ. ಆದರೆ ಅದಕ್ಕೆ ಓಡಾಡುವವರು ಬೇಕು. ಕೊನೆಯ ಗಳಿಗೆಯಲ್ಲಿ ಆಗುವ ಕೆಲಸವಲ್ಲ.

ಶಾಲೆಯಲ್ಲಿ ರೋಗದ ಹೆಸರು ಹೇಳಬೇಕೇ ಎನ್ನುವುದು ತಂಗಿಯ ಪ್ರಶ್ನೆ. ನಾವು ಇಷ್ಟು ದಿನ ಮುಚ್ಚಿಟ್ಟಿದ್ದೆವು. ಟಿಸಿಯ ಜೊತೆ ಕೊಟ್ಟ ಕಾಗದದಲ್ಲಿ ‘ಜ್ವರದಿಂದ ಶಾಲೆ ತಪ್ಪಿತು’ ಎಂದಷ್ಟೇ ಇತ್ತು. ನಾಳೆ ಮದುವೆಯ ಮಾತು ಬರುತ್ತದೆ, ತಂಗಿಯರಿದ್ದಾರೆ ಎಂಬ ಭಯ. ಹೆಣ್ಣುಮಗುವಾದರೆ ಈ ಭಯ ಇನ್ನೂ ಎಷ್ಟು ಪಟ್ಟು ಎಂದು ನೀವೇ ಯೋಚಿಸಿ. ಆದರೆ ನಾನೂ ಒಬ್ಬ ಶಿಕ್ಷಕಿ. ನನಗೆ ಗೊತ್ತಿದ್ದೂ ಅರ್ಥವಾಗದೆ ಅವನನ್ನು ಬಾಗಿಲಲ್ಲಿ ನಿಲ್ಲಿಸಿದೆ. ಏನೂ ಗೊತ್ತಿಲ್ಲದ ಶಿಕ್ಷಕರು ಕೆಂಪು ಶಾಯಿಯಲ್ಲಿ ಬರೆದರೆ ಅವರನ್ನು ಹೇಗೆ ದೂರುವುದು? ಮುಖ್ಯೋಪಾಧ್ಯಾಯರಿಗೆ ಹೇಳೋಣ ಎಂದೆ. ತಂಗಿ ಒಪ್ಪಲು ಎರಡು ವಾರ ತೆಗೆದುಕೊಂಡಳು. ಅತ್ತೆ ಇನ್ನೂ ಒಪ್ಪಿಲ್ಲ.

ಮುಂಬೈಯಲ್ಲಿ ಹೀಗೆ ಬದುಕಿ ಉಳಿದವರದೇ ಒಂದು ಬಳಗ ಇದೆ. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಆಶ್ರಯದಲ್ಲಿ 2009ರಲ್ಲಿ ಆರಂಭವಾದ ಅದರ ಹೆಸರು ‘ಉಗಮ್’. ‘ಉಳಿದವರು’ ಎನ್ನುವ ಬದಲು ಅವರು ತಮ್ಮನ್ನು ‘ಗೆದ್ದವರು’ ಎಂದು ಕರೆದುಕೊಳ್ಳುತ್ತಾರಂತೆ. ಸೊಲ್ಲಾಪುರದ ಆ ಹೆಂಗಸು ಇದನ್ನು ಹೇಳಿದಾಗ ಮುನ್ನಾ ಕಿವಿಗೊಟ್ಟು ಕೇಳುತ್ತಿದ್ದ. ಹೊರಗೆ ಬರುವಾಗ, “ಖಾಲಾ, ನಾನು ಏನು ಗೆದ್ದೆ?” ಎಂದ. ಅವನಿಗೆ ಆ ನಾಲ್ಕನೆಯ ವಯಸ್ಸಿನದು ಬಹಳ ನೆನಪಿಲ್ಲ. ಸೂಜಿ ನೆನಪಿದೆ, ಕುರ್ಲಾದ ದೊಡ್ಡಪ್ಪ ತಂದುಕೊಟ್ಟ ಕೆಂಪು ಬಸ್ಸು ನೆನಪಿದೆ.

ವಾಪಸು ಬರುವಾಗ ಗಾಡಿ ಪುಣೆ ಬಿಟ್ಟ ಮೇಲೆ ತಂಗಿ ಮಲಗಿದಳು. ಮುನ್ನಾಗೆ ನಿದ್ದೆ ಬರಲಿಲ್ಲ. ನನ್ನ ಎದುರಿನ ಸೀಟಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕುಳಿತಿದ್ದ. ಸೂರಾ ಓದೋಣವೇ ಎಂದು ಕೇಳಿದೆ. ಹೆದರಿದವನ ಹಾಗೆ ನನ್ನ ಕಡೆ ನೋಡಿ, ಓದುತ್ತೇನೆ ಎಂದ. ಪೂರ್ತಿ ಬೇಡ, ನಿನಗೆ ಬರುವಷ್ಟು ಎಂದೆ. ಮೊದಲ ನಾಲ್ಕು ಆಯತ್ ಸರಾಗವಾಗಿ ಬಂದವು. ಐದನೆಯದಕ್ಕೆ ನಿಂತ. ನನ್ನ ಬಾಯಿ ತುದಿಗೆ ಮುಂದಿನ ಶಬ್ದ ಬಂದೇ ಇತ್ತು. ಇಪ್ಪತ್ತು ವರ್ಷಗಳ ಅಭ್ಯಾಸ, ಮಗು ತಡವರಿಸಿದರೆ ತಟ್ಟನೆ ಎತ್ತಿಕೊಡುವುದು.

ಅವನು ಕೈ ಎತ್ತಿ, “ನಿಲ್ಲಿ ಖಾಲಾ, ಬರುತ್ತಾ ಇದೆ” ಎಂದ.

ಒಂದು ಸಣ್ಣ ಸ್ಟೇಷನ್ ದಾಟಿತು. ಅದರ ದೀಪಗಳು ಅವನ ಮುಖದ ಮೇಲೆ ಹಾದುಹೋದವು. ಚಹಾ ಮಾರುವವನು ಬಂದು ನಮ್ಮನ್ನು ನೋಡಿ ಮುಂದೆ ಹೋದ. ನಾನು ಕಾಯುತ್ತಾ ಕುಳಿತೆ. ಆಮೇಲೆ ಅವನು ಕಣ್ಣು ಮುಚ್ಚಿ ಐದನೆಯ ಆಯತನ್ನು ಮೊದಲಿನಿಂದ ಕೊನೆಯವರೆಗೆ ಓದಿದ.